15ನೇ ವಯಸ್ಸಿನಲ್ಲಿ ಟೆನಿಸ್ ಶುರು ಮಾಡಿದರೆ ಪ್ರೊಫೆಷನಲ್ ಆಟಗಾರ ಆಗಬಹುದಾ?

ಸಿಂಗಲ್ಸ್‌ನಲ್ಲಿ ವಿಶ್ವದ ಮೊದಲ ನೂರರೊಳಗೆ ಬರೋದು? ಇಲ್ಲವೆಂದೇ ಇಟ್ಟುಕೊಳ್ಳಿ. ಅಲ್ಲಿರುವವರಲ್ಲಿ ಹೆಚ್ಚಿನವರು ಆರೇಳು ವರ್ಷಕ್ಕೇ ರ್‍ಯಾಕೆಟ್ ಹಿಡಿದವರು. ನಮ್ಮ ಕೊಡಗಿನ ರೋಹನ್ ಬೋಪಣ್ಣ ಶುರು ಮಾಡಿದ್ದು ಸುಮಾರು 11ಕ್ಕೆ, ಅದೇ ತಡ ಅನ್ನಬೇಕು. ಅವರು 43ನೇ ವಯಸ್ಸಿನಲ್ಲಿ, 2024ರಲ್ಲಿ ವಿಶ್ವದ ನಂಬರ್ 1 ಆದರು ನಿಜ, ಆದರೆ ಡಬಲ್ಸ್‌ನಲ್ಲಿ.

ಆಟಕ್ಕಿಂತ ದೊಡ್ಡ ತಲೆನೋವು ದುಡ್ಡು. ಕೆಳಹಂತದ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ) ಟೂರ್ನಿಯ ಒಟ್ಟು ಬಹುಮಾನವೇ 15,000 ಡಾಲರ್. ಅದು ಆಡಿದವರಿಗೆಲ್ಲ ಹಂಚಿಹೋಗುತ್ತದೆ. ಮೊದಲ ಸುತ್ತಲ್ಲಿ ಸೋತರೆ ಹೋಟೆಲ್ ಬಿಲ್ಲೂ ಹುಟ್ಟೋದಿಲ್ಲ. ವಿಮಾನ, ಕೋಚ್, ಫಿಸಿಯೋ ಎಲ್ಲ ನಿಮ್ಮದೇ ಖರ್ಚು. ಸುಮಿತ್ ನಾಗಲ್ ಭಾರತದ ನಂಬರ್ 1 ಆಗಿದ್ದಾಗಲೇ, 2023ರಲ್ಲಿ, ಬ್ಯಾಂಕಿನಲ್ಲಿ 900 ಯೂರೋ ಮಾತ್ರ ಇದೆ ಎಂದಿದ್ದರು. ಅವರು ಜೂನಿಯರ್ ವಿಂಬಲ್ಡನ್ ಡಬಲ್ಸ್ ಗೆದ್ದವರು! ಕ್ರಿಕೆಟ್‌ನ ಹಾಗೆ ಇಲ್ಲಿ ರಾಜ್ಯ ತಂಡ, ಪಂದ್ಯಕ್ಕಿಷ್ಟು ಸಂಬಳ ಅಂತ ಏನೂ ಇಲ್ಲ, ನೋಡಿ.

ಈಗಾಗಲೇ ಕೆಲವು ವರ್ಷ ಆಡಿದ್ದರೆ ಮಾತು ಬೇರೆ. ಎಐಟಿಎ (ಅಖಿಲ ಭಾರತ ಟೆನಿಸ್ ಸಂಸ್ಥೆ) ನಡೆಸುವ 16 ಮತ್ತು 18ರೊಳಗಿನವರ ಟೂರ್ನಿಗಳಲ್ಲಿ ಒಂದು ವರ್ಷ ಆಡಿ. ನಿಮ್ಮ ವಯಸ್ಸಿನವರೆದುರು ಎಲ್ಲಿ ನಿಲ್ಲುತ್ತೀರಿ ಅಂತ ಅಲ್ಲೇ ಗೊತ್ತಾಗುತ್ತದೆ. ಚೆನ್ನಾಗಿ ಆಡಿದರೆ ಅಮೆರಿಕದ ಕಾಲೇಜು ದಾರಿ ಇದೆ, ಓದು ಮತ್ತು ಆಟ ಎರಡೂ ಸ್ಕಾಲರ್‌ಶಿಪ್ ಮೇಲೆ. ಭಾರತದ ಸೋಮ್‌ದೇವ್ ದೇವ್‌ವರ್ಮನ್ ಹಾಗೇ ಹೋಗಿ 2007, 2008ರಲ್ಲಿ ಅಲ್ಲಿನ ಕಾಲೇಜು ಚಾಂಪಿಯನ್ ಆದರು, ಆಮೇಲೆ ಪ್ರೊ ಆದರು. ಅದಕ್ಕೂ ಒಳ್ಳೆ ಅಂಕ ಬೇಕು, ಹಾಗಾಗಿ ಪಿಯುಸಿ ಮಾತ್ರ ಬಿಡಬೇಡಿ.