ಸನ್‌ಶೈನ್ ಪಾಪ್ ಅಂದಾಗಲೆಲ್ಲ ಕರ್ಟ್ ಬೆಚರ್ ಹೆಸರು ಯಾಕೆ ಬರುತ್ತದೆ?

ಸನ್‌ಶೈನ್ ಪಾಪ್ ಅಂದರೆ ಹಲವು ದನಿಗಳು ಸೇರಿ ಹಾಡುವ, 60ರ ದಶಕದ ಅಮೆರಿಕದ ಖುಷಿಖುಷಿಯಾದ ಪಾಪ್ ಸಂಗೀತ. ಹಾಡು ಎಲ್ಲರಿಗೂ ಗೊತ್ತು, ಅದನ್ನು ಮಾಡಿಸಿದವರು ಯಾರಿಗೂ ಗೊತ್ತಿಲ್ಲ ಅಂತಾರಲ್ಲ, ಬೆಚರ್ ಆ ಸಾಲಿನವರು. 1966ರಲ್ಲಿ ದಿ ಅಸೋಸಿಯೇಷನ್ ತಂಡದ ‘ಚೆರಿಷ್’ ಅಮೆರಿಕದಲ್ಲಿ ಮೂರು ವಾರ ನಂಬರ್ ಒನ್ ಆಗಿತ್ತು. ಅದರ ಪ್ರೊಡ್ಯೂಸರ್ ಇವರೇ, ಆಗ ವಯಸ್ಸು ಬರೀ 22! ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮುಂದೆ ಒಬ್ಬ ಹಾಡುತ್ತಿದ್ದರೆ ಹಿಂದೆ ಒಂದರ ಮೇಲೊಂದು ದನಿ ಸೇರಿಕೊಳ್ಳುತ್ತಾ ಹೋಗುತ್ತದೆ, ಆದರೂ ಎಲ್ಲೂ ಗದ್ದಲ ಅನ್ನಿಸುವುದಿಲ್ಲ. ಅದೇ ಅವರ ಕೈಚಳಕ.

ಸ್ವತಃ ಒಳ್ಳೆ ಗಾಯಕ ಕೂಡ. 1968ರಲ್ಲಿ ದಿ ಮಿಲೆನಿಯಮ್ ಅನ್ನುವ ತಂಡ ಕಟ್ಟಿ, ಎರಡು 8-ಟ್ರ್ಯಾಕ್ ಯಂತ್ರಗಳನ್ನು (ಒಂದೊಂದರಲ್ಲೂ ಎಂಟು ಧ್ವನಿಗಳನ್ನು ಬೇರೆಬೇರೆಯಾಗಿ ದಾಖಲಿಸಬಹುದು) ಜೋಡಿಸಿ, 16 ಟ್ರ್ಯಾಕ್‌ನಲ್ಲಿ ‘ಬಿಗಿನ್’ ಆಲ್ಬಮ್ ರೆಕಾರ್ಡ್ ಮಾಡಿದರು. ಆ ಕಾಲಕ್ಕೆ ಅದು ದೊಡ್ಡ ಸಾಹಸ. ಕೊಲಂಬಿಯಾ ಕಂಪನಿ ದುಡ್ಡು ಸುರಿಯಿತು, ಆಲ್ಬಮ್ ಮಾತ್ರ ಮಲಗಿತು. ಇನ್ನೊಬ್ಬ ಪ್ರೊಡ್ಯೂಸರ್ ಗ್ಯಾರಿ ಅಶರ್ ಜೊತೆ ಸ್ಯಾಜಿಟೇರಿಯಸ್ ಅನ್ನುವ ತಂಡದ ಹೆಸರಲ್ಲಿ ಮಾಡಿದ ಆಲ್ಬಮ್‌ನ ಕಥೆಯೂ ಹೆಚ್ಚುಕಮ್ಮಿ ಅಷ್ಟೇ.

1987ರಲ್ಲಿ, 43ನೇ ವಯಸ್ಸಿಗೇ ತೀರಿಕೊಂಡರು. ಆಮೇಲೆ ಸಿಡಿಗಳು ಬಂದ ಮೇಲೆ ಜನ ಇವರನ್ನು ಹುಡುಕಿ ಹುಡುಕಿ ಕೇಳತೊಡಗಿದರು, ಜಪಾನಿನಲ್ಲಂತೂ ಜಾಸ್ತಿನೇ. ನೀವು ‘ಬಿಗಿನ್’ನಿಂದಲೇ ಶುರು ಮಾಡಿ, ಮೊದಲೆರಡು ಹಾಡುಗಳನ್ನು ಮಧ್ಯೆ ನಿಲ್ಲಿಸದೆ ಕೇಳಿ.