ವಸಂತದ ಕೊನೆಯಲ್ಲಿ ಸ್ಕೀ ಕಟ್ಟಿಕೊಂಡು ಬೆಟ್ಟ ಹತ್ತಲು ಬೆಳಗಿನ ಜಾವ ಮೂರಕ್ಕೇ ಹೊರಡಬೇಕೇ?

ಗೆಳೆಯ ಮೂರಕ್ಕೆ ಎನ್ನುತ್ತಿದ್ದಾನೆ, ಆರಕ್ಕೆ ಹೊರಟರೆ ಆಗದೇ ಎಂದು ಕೇಳಿದ್ದೀರಿ. ಆಗದು. ಇದೇ ವಾದ ಹೂಡಿ ಸೋತವನು ನಾನು.

ಆ ಕಾಲದ ಹಿಮ ಹಗಲು ಕರಗಿ, ರಾತ್ರಿ ಮತ್ತೆ ಗಟ್ಟಿಯಾಗುತ್ತದೆ. ದಿನಗಟ್ಟಲೆ ಹೀಗೇ ನಡೆದು ಅದರ ಕಣಗಳು ಹರಳುಪ್ಪಿನಷ್ಟು ದಪ್ಪಗಾಗುತ್ತವೆ. ಬೆಳಿಗ್ಗೆ ಕಲ್ಲಿನಂತಿರುವ ಈ ಹಿಮದ ಮೇಲ್ಪದರ ಬಿಸಿಲಿಗೆ ಒಂದೆರಡು ಅಂಗುಲ ಸಡಿಲವಾದಾಗ ಜಾರುವ ಸುಖವೇ ಬೇರೆ. ಆದರೆ ಅದು ಒಂದು ಇಳಿಜಾರಿನಲ್ಲಿ ಗಂಟೆ ಹೊತ್ತು ಉಳಿದರೆ ಹೆಚ್ಚು. ಆಮೇಲೆ ನೀರು ಒಳಗಿಳಿದು ಕಣಗಳ ನಡುವಿನ ಬೆಸುಗೆ ಬಿಡುತ್ತದೆ. ಒದ್ದೆ ಹಿಮಕುಸಿತದ ಹೊತ್ತು ಅದು. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಎಲ್ಲಕ್ಕಿಂತ ಮೊದಲು ಮೆತ್ತಗಾಗುತ್ತದೆ, ಪಶ್ಚಿಮದ್ದು ತಡವಾಗಿ.

ಹಾಗಾಗಿ ಇಳಿಯುವ ಹೊತ್ತನ್ನು ಮೊದಲು ಗೊತ್ತುಮಾಡಿ ಹಿಂದಕ್ಕೆ ಎಣಿಸಬೇಕು. ಒಂಬತ್ತಕ್ಕೆ ಇಳಿಯಬೇಕು, ಏರಿಕೆ 1,200 ಮೀಟರ್, ನಿಮ್ಮ ವೇಗ ಗಂಟೆಗೆ 300 ಮೀಟರ್ ಎಂದಾದರೆ ಅದಕ್ಕೇ ನಾಲ್ಕು ಗಂಟೆ. ಕೆಳಗೆ ಹಿಮವೇ ಇಲ್ಲದ ಕಡೆ ಸ್ಕೀಗಳನ್ನು ಬೆನ್ನಿಗೆ ಕಟ್ಟಿ ನಡೆಯುವುದು, ದಾರಿ ತಪ್ಪುವುದು, ಗೊಣಗುವುದು ಎಲ್ಲಕ್ಕೂ ಇನ್ನೆರಡು. ನಿಮ್ಮ ಗೆಳೆಯನ ಲೆಕ್ಕ ಸರಿಯಾಗಿದೆ.

ಮೋಡ ಕವಿದ ರಾತ್ರಿಯಾದರೆ ಮೂರಕ್ಕೆ ಎದ್ದೂ ಪ್ರಯೋಜನವಿಲ್ಲ. ಹಿಮದ ಶಾಖ ಆಕಾಶಕ್ಕೆ ಹೋಗಲು ಮೋಡ ಬಿಡುವುದಿಲ್ಲ, ಹಿಮ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಬೆಳಗಿನ ಜಾವದಲ್ಲೇ ಬೂಟು ಕಣಕಾಲಿನವರೆಗೆ ಹೂತರೆ ಅಲ್ಲಿಂದಲೇ ಹಿಂತಿರುಗಿ.

ನಾನು ಸೋತ ಕಥೆ ಹೀಗೆ. ನನ್ನ ಗೆಳೆಯನ ಮಾತಿಗೆ ಮಣಿದು ಮೂರಕ್ಕೇ ಹೊರಟೆವು; ಹತ್ತಕ್ಕೆ ಎಲ್ಲಿದ್ದರೂ ಹಿಂತಿರುಗುವುದೆಂದು ಮೊದಲೇ ಮಾತಾಗಿತ್ತು. ಭಾರ ಉಳಿಸಲೆಂದು ನಾನು ಸ್ಕೀಗೆ ಸಿಕ್ಕಿಸುವ ಕ್ರ್ಯಾಂಪನ್‌ಗಳನ್ನು, ಎಂದರೆ ಗಟ್ಟಿ ಹಿಮವನ್ನು ಕಚ್ಚಿ ಹಿಡಿಯುವ ಲೋಹದ ಹಲ್ಲುಗಳನ್ನು, ಕಾರಿನಲ್ಲೇ ಬಿಟ್ಟಿದ್ದೆ. ಸ್ಕೀಯ ತಳಕ್ಕೆ ಅಂಟಿಸುವ ಸ್ಕಿನ್ ಎಂಬ ರೋಮದ ಪಟ್ಟಿ ಮೆತ್ತನೆಯ ಹಿಮದಲ್ಲಿ ಚೆನ್ನಾಗಿ ಹಿಡಿಯುತ್ತದೆ, ಗಾಜಿನಂಥ ಹಿಮದಲ್ಲಿ ಅಡ್ಡಕ್ಕೆ ಜಾರುತ್ತದೆ. ಅವನು ಹಲ್ಲಿಯಂತೆ ಏರಿದ. ನಾನು ಪ್ರತಿ ತಿರುವಿನಲ್ಲೂ ಎರಡು ಹೆಜ್ಜೆ ಹತ್ತಿ ಒಂದು ಹೆಜ್ಜೆ ಜಾರಿದೆ. ಹತ್ತಾದಾಗ ತುದಿ ಕಣ್ಣೆದುರೇ ಇತ್ತು, 150 ಮೀಟರ್ ಮೇಲೆ. ‘ಇನ್ನರ್ಧ ಗಂಟೆ’ ಎಂದೆ. ಅವನು ಉತ್ತರಿಸಲಿಲ್ಲ, ಕುಳಿತು ಸ್ಕಿನ್ ಕಿತ್ತು ಮಡಚತೊಡಗಿದ. ಇಳಿಯುವಾಗ ಕೊನೆಯ ಇಳಿಜಾರಿನಲ್ಲಾಗಲೇ ನನ್ನ ಸ್ಕೀಯ ಅಂಚಿನಿಂದ ಹಿಮದುಂಡೆಗಳು ಉರುಳಿ ಬೀಸಣಿಗೆಯಂತೆ ಹರಡುತ್ತಿದ್ದವು. ಒದ್ದೆ ಹಿಮಕುಸಿತದ ಮುನ್ಸೂಚನೆ ಅದು. ಅದನ್ನು ಕಂಡ ಮೇಲೆ ನನಗೆ ತುದಿ ನೆನಪಾಗಲಿಲ್ಲ.

ಹಿಮದಡಿ ಹೂತವರನ್ನು ಪತ್ತೆಹಚ್ಚುವ ರೇಡಿಯೊ ಸಾಧನವಾದ ಟ್ರಾನ್ಸೀವರ್, ಹುಡುಕುವ ಕೋಲು, ಸಲಿಕೆ ಇಬ್ಬರ ಬಳಿಯೂ ಇರಲಿ, ಬಳಸಿ ಅಭ್ಯಾಸವೂ ಇರಲಿ. ಒಬ್ಬ ಹೂತರೆ ಅಗೆಯಲು ಉಳಿಯುವುದು ಇನ್ನೊಬ್ಬನೇ. ಆದ್ದರಿಂದ ಕಡಿದಾದ ಕಡೆ ಒಬ್ಬೊಬ್ಬರಾಗಿಯೇ ಇಳಿಯಿರಿ. ಬಿಸಿಲಿನ ಕ್ರೀಮನ್ನು ಗಲ್ಲದ ಕೆಳಗೂ ಮೂಗಿನ ಹೊಳ್ಳೆಯ ಅಂಚಿಗೂ ಹಚ್ಚಿ. ಹಿಮದಿಂದ ಪುಟಿದ ಬಿಸಿಲು ಕೆಳಗಿನಿಂದಲೂ ಸುಡುತ್ತದೆ. ಕ್ರ್ಯಾಂಪನ್ ಚೀಲದಲ್ಲಿದೆಯೇ ಎಂದು ಹೊರಡುವ ಮುನ್ನ ನೋಡಿಕೊಳ್ಳಿ. ನನ್ನ ಗೆಳೆಯ ಈಗಲೂ ಕಾರಿನ ಬಾಗಿಲು ಹಾಕುವ ಮೊದಲು ನನ್ನ ಚೀಲವನ್ನು ತಾನೇ ತಡಕುತ್ತಾನೆ.