ಬೇಲಿ ಬದಿಯ ಮದ್ದು: ಕತ್ತಲಲ್ಲಿ ಎಲೆ ಕಾಣುವುದಿಲ್ಲ

ಪ್ರಶ್ನೆ: ನಾನು ಹಾವೇರಿ ಕಡೆಯವಳು, ಮದುವೆಯಾಗಿ ಉಡುಪಿಗೆ ಬಂದೆ. ತುಳುವರ ಆಟಿ ತಿಂಗಳ ಅಮಾವಾಸ್ಯೆಗೆ ಹಾಲೆ ಮರದ ಕೆತ್ತೆ, ಅಂದರೆ ತೊಗಟೆಯ ಕಷಾಯ ಕುಡಿಯಲೇಬೇಕು ಎನ್ನುತ್ತಾರೆ ಅತ್ತೆ. ಹೋದ ವರ್ಷ ಕುಡಿದು ಅರ್ಧ ದಿನ ಬಾಯಿಯ ಕಹಿ ಹೋಗಲಿಲ್ಲ. ನಿಜವಾಗಿ ಅದರಲ್ಲಿ ಏನಿದೆ? ಆರು ವರ್ಷದ ಮಗನಿಗೂ ಕೊಡಬಹುದಾ? ಈ ಸಲ ಮೈದುನ ತಾನೇ ಗುಡ್ಡೆಗೆ ಹೋಗಿ ಕೆತ್ತೆ ತರುತ್ತೇನೆ ಎಂದಿದ್ದಾನೆ.
– ಓದುಗರು, ಅಂಬಲಪಾಡಿ

ಉತ್ತರ: ನಿಮ್ಮ ಕಾಗದದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಕೊನೆಯ ಸಾಲು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಹಿಯ ವಿಷಯ. ಆ ಕಹಿಗೆ ಕಾರಣ ಆಲ್ಕಲಾಯ್ಡ್ ಎಂಬ ಗುಂಪಿನ ವಸ್ತುಗಳು. ಹಾಲೆಯ ತೊಗಟೆಯಲ್ಲಿ ಅವು ಹಲವು ಇವೆ, ಮುಖ್ಯವಾದದ್ದು ಎಕಿಟಮಿನ್. ಹೆಸರು ವಿಚಿತ್ರ ಅನ್ನಿಸಬಹುದು. ಈ ಮರಕ್ಕೆ ಮೊದಲು ಎಕೈಟಿಸ್ ಸ್ಕಾಲಾರಿಸ್ ಎಂಬ ಹೆಸರಿತ್ತು, ಅದರಿಂದ ಬಂದದ್ದು. ಈಗಿನ ಹೆಸರು ಆಲ್ಸ್ಟೋನಿಯಾ ಸ್ಕಾಲಾರಿಸ್. ಸ್ಕಾಲಾರಿಸ್ ಅಂದರೆ ಶಾಲೆಗೆ ಸೇರಿದ್ದು. ಈ ಮರದ ಹಲಗೆಯಲ್ಲಿ ಮಕ್ಕಳ ಬರೆಯುವ ಪಾಟಿ ಮಾಡುತ್ತಿದ್ದರು. ಮರದಿಂದ ಅಕ್ಷರ, ತೊಗಟೆಯಿಂದ ಕಷಾಯ. ನಮ್ಮ ಕಾಲದ ಶಾಲೆಯಲ್ಲೂ ಎರಡೂ ಒಂದೇ ರುಚಿ ಇದ್ದವು ಬಿಡಿ.

ಗಿಡ ಕಹಿಯನ್ನು ನಮಗಾಗಿ ಮಾಡಿ ಇಟ್ಟದ್ದಲ್ಲ. ಹುಳ, ದನ ತಿನ್ನದಿರಲಿ ಎಂದು ತನಗೇ ಮಾಡಿಕೊಂಡದ್ದು. ಅದೇ ವಸ್ತು ಸ್ವಲ್ಪ ಪ್ರಮಾಣದಲ್ಲಿ ನಮಗೆ ಮದ್ದಾಗಬಹುದು, ಜಾಸ್ತಿಯಾದರೆ ವಿಷ. ಹಿಂದೆ ಇದೇ ತೊಗಟೆಯನ್ನು ಮಲೇರಿಯಾಕ್ಕೆ ಕ್ವಿನೈನ್ ಬದಲು ಕೊಟ್ಟು ನೋಡಿದ್ದಾರೆ. ಕ್ವಿನೈನಿನಷ್ಟು ಕೆಲಸ ಮಾಡಲಿಲ್ಲ. ಹಾಗಾಗಿ ಕಷಾಯ ಕುಡಿದಿದ್ದೇನೆ ಎಂದು ಮಳೆಗಾಲದ ಜ್ವರವನ್ನು ಕಡೆಗಣಿಸಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಅಮಾವಾಸ್ಯೆಯ ಆ ಒಂದು ಬೆಳಗ್ಗೆ ಮಾತ್ರ ಸಾವಿರದೊಂದು ಮದ್ದು ಮರಕ್ಕೆ ಇಳಿಯುತ್ತದೆ ಎನ್ನುವುದನ್ನು ನಾನು ನಂಬುವುದಿಲ್ಲ. ಆದರೂ ಪ್ರತಿ ವರ್ಷ ಕುಡಿಯುತ್ತೇನೆ. ಆ ಮೇಲೆ ಸಿಗುವ ಮೆಂತ್ಯ ಗಂಜಿಯ ಆಸೆಗೆ ಅಂತ ನನ್ನ ತಂಗಿ ತಮಾಷೆ ಮಾಡುತ್ತಾಳೆ.

ನಮ್ಮ ಹಿರಿಯಡ್ಕದ ಮನೆಯಲ್ಲಿ ಅಪ್ಪ ಹಿಂದಿನ ದಿನ ಬೆಳಕಿರುವಾಗಲೇ ಹೋಗಿ ಮರಕ್ಕೆ ಬಾಳೆನಾರು ಕಟ್ಟಿ ಬರುತ್ತಿದ್ದರು. ಬೆಳಗಿನ ಜಾವ ಅದೇ ನಾರು ತಡವಿ, ಕಲ್ಲಿನಿಂದ ಜಜ್ಜಿ ಕೆತ್ತೆ ತೆಗೆಯುತ್ತಿದ್ದರು. ಕತ್ತಿ ತಾಗಿಸುವ ಹಾಗಿಲ್ಲ. ಅಮ್ಮ ಅದನ್ನು ಕಾಳುಮೆಣಸು, ಬೆಳ್ಳುಳ್ಳಿ, ಓಮದ ಜೊತೆ ಅರೆದು, ಹಿಂಡಿ, ಕೆಂಡದಲ್ಲಿ ಕಾದ ಬಿಳಿಕಲ್ಲು ಹಾಕುತ್ತಿದ್ದರು. ಚೊಂಯ್ ಅಂತ ಸದ್ದು ಬಂದ ಮೇಲೆ ನಾವು ಸಾಲಾಗಿ ನಿಲ್ಲಬೇಕು. ಅಳತೆ ಮಗುವಿಗೆ ಹಾಲು ಕುಡಿಸುವ ಒಳಲೆ. ಅದರಲ್ಲೂ ಅರ್ಧ. ಈಗಿನವರು ಲೋಟದಲ್ಲಿ ಕುಡಿಯುತ್ತಾರಲ್ವಾ, ಅದು ನನಗೆ ಸರಿ ಕಾಣುವುದಿಲ್ಲ.

ಆ ಬಾಳೆನಾರನ್ನು ನಾನು ಬಹಳ ಕಾಲ ಶಾಸ್ತ್ರ ಅಂದುಕೊಂಡಿದ್ದೆ. ಸಸ್ಯಶಾಸ್ತ್ರ ಪಾಠ ಮಾಡಲು ಶುರು ಮಾಡಿದ ಮೇಲೆ ಒಬ್ಬ ಹುಡುಗ ಒಂದು ತುಂಡು ತೊಗಟೆ ತಂದು, "ಮೇಡಂ, ಇದು ಪಾಲೆಯದ್ದೇ ಅಲ್ವಾ?" ಎಂದು ಕೇಳಿದ. ಹಾಲೆಗೆ ತುಳುವಿನಲ್ಲಿ ಪಾಲೆ ಎನ್ನುತ್ತಾರೆ. ಅಮಾವಾಸ್ಯೆಗೆ ಇನ್ನೂ ಎರಡು ದಿನ ಇತ್ತು. ತೊಗಟೆ ಮಾತ್ರ ನೋಡಿ ನನಗೂ ಹೇಳಲಾಗಲಿಲ್ಲ. ಗೆಲ್ಲು ತಾ ಎಂದೆ. ಮರುದಿನ ತಂದ ಗೆಲ್ಲು ಕಾಸರಕ ಎಂಬ ಬೇರೆಯೇ ಮರದ್ದು.

ಕಾಸರಕದಲ್ಲಿ ಇರುವುದು ಸ್ಟ್ರಿಕ್ನಿನ್ ಮತ್ತು ಬ್ರೂಸಿನ್. ಅವೂ ಆಲ್ಕಲಾಯ್ಡ್‌ಗಳೇ, ಅವೂ ಕಹಿಯೇ. ಸ್ಟ್ರಿಕ್ನಿನ್ ಹೊಟ್ಟೆ ಸೇರಿದರೆ ಮೈ ಸೆಟೆದು, ಅಪಸ್ಮಾರದಂತೆ ಎಳೆದು, ಉಸಿರು ನಿಲ್ಲಬಹುದು. ಕುದಿಸಿದರೆ ಹೋಗುವುದಿಲ್ಲ, ಕಾದ ಕಲ್ಲು ಹಾಕಿದರೂ ಹೋಗುವುದಿಲ್ಲ. 1818ರಲ್ಲಿ ಸ್ಟ್ರಿಕ್ನಿನ್ ಬೇರ್ಪಡಿಸಿದ ಫ್ರಾನ್ಸಿನ ಪೆಲೆಟಿಯೆ ಮತ್ತು ಕವೆಂತು ಇಬ್ಬರೇ 1820ರಲ್ಲಿ ಕ್ವಿನೈನನ್ನೂ ಬೇರ್ಪಡಿಸಿದರು. ಎರಡೂ ತೀರಾ ಕಹಿ. ನಾಲಿಗೆಗೆ ಇದು ಮದ್ದು, ಇದು ವಿಷ ಅಂತ ಗೊತ್ತಾಗುವುದಿಲ್ಲ ನೋಡಿ.

ಹಾಗಾಗಿ ನಿಮ್ಮ ಮೈದುನನಿಗೆ ಹೇಳಿ, ಹಗಲು ಹೋಗಿ ಎಲೆ ನೋಡಲಿ. ಹಾಲೆಯಲ್ಲಿ ಒಂದೇ ಗೆಣ್ಣಿನ ಸುತ್ತ ಐದರಿಂದ ಏಳು ಎಲೆ, ಕೊಡೆ ಬಿಚ್ಚಿದ ಹಾಗೆ. ಸಪ್ತಪರ್ಣಿ ಎಂಬ ಹೆಸರು ಅದಕ್ಕೇ. ಎಲೆ ಮುರಿದರೆ ಬಿಳಿ ಹಾಲು ತೊಟ್ಟಿಕ್ಕುತ್ತದೆ. ಕಾಸರಕದಲ್ಲಿ ಎಲೆಗಳು ಎದುರುಬದುರು ಎರಡೆರಡು, ಹೊಳೆಯುತ್ತವೆ, ಬುಡದಿಂದಲೇ ಮೂರೋ ಐದೋ ನರ ಹೊರಡುತ್ತವೆ. ಹಾಲು ಬರುವುದಿಲ್ಲ. ಹಾಗಂತ ಹಾಲು ಬಂದದ್ದೆಲ್ಲ ಹಾಲೆಯಲ್ಲ. ಹಳದಿ ಕಣಗಿಲೆಯಲ್ಲೂ ಹಾಲಿದೆ, ಅದು ಹೃದಯಕ್ಕೇ ವಿಷ. ಮರ ಗೊತ್ತಿರುವ ಹಿರಿಯರೊಬ್ಬರು ಜೊತೆಗಿರಲಿ. ಅನುಮಾನ ಬಂದರೆ ಆ ವರ್ಷ ಕಷಾಯ ಬೇಡ. ಅತ್ತೆಗೆ ಬೇಸರವಾದರೆ ಈ ಪುಟ ತೋರಿಸಿ.

ಮಗನಿಗೆ ಬೇಡ, ಗಂಜಿ ಸಾಕು. ಬಸುರಿಯರಿಗೂ ಬೇಡ.

ಪ್ರಶ್ನೆ: ಮಧುನಾಶಿನಿ ಎಲೆ ದಿನಾ ಅಗಿಯುತ್ತಿದ್ದೇನೆ. ಸಿಹಿ ತಿನ್ನುವ ಚಪಲ ಹೋಗಿದೆ. ಸಕ್ಕರೆ ಕಾಯಿಲೆಯ ಮಾತ್ರೆ ಬಿಡಬಹುದೇ?
– ಓದುಗರು, ಸುರತ್ಕಲ್

ಉತ್ತರ: ಬಿಡಬೇಡಿ. ಆ ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯಲ್ಲಿ ಸಿಹಿ ಹಿಡಿಯುವ ಜಾಗವನ್ನು ಸ್ವಲ್ಪ ಹೊತ್ತು ಮುಚ್ಚಿಬಿಡುತ್ತವೆ. ಒಮ್ಮೆ ತರಗತಿಯಲ್ಲಿ ಎಲ್ಲರಿಗೂ ಎಲೆ ಅಗಿಯಲು ಕೊಟ್ಟು, ಮೇಲಿಂದ ಮೈಸೂರು ಪಾಕ್ ಹಂಚಿದೆ. ತುಪ್ಪದಲ್ಲಿ ಕಲಸಿದ ಕಡಲೆಹಿಟ್ಟು ಜಗಿದ ಹಾಗೆ ಮುಖ ಮಾಡಿದರು. ಬರೀ ಸಕ್ಕರೆ ಹಾಕಿಕೊಂಡವನು ಮರಳು ಎಂದ. ನಾಲಿಗೆಗೆ ಸಿಹಿ ತಿಳಿಯದಿದ್ದರೂ ಆ ಸಕ್ಕರೆ ರಕ್ತ ಸೇರಿಯೇ ಸೇರುತ್ತದೆ. ಎಲೆಗೆ ರಕ್ತದ ಸಕ್ಕರೆಯನ್ನು ಇಳಿಸುವ ಗುಣವೂ ಇದೆ ಎಂದು ಅಧ್ಯಯನಗಳು ನಡೆದಿವೆ. ಹಾಗಿದ್ದರೆ ಮಾತ್ರೆಯೂ ಎಲೆಯೂ ಸೇರಿ ಸಕ್ಕರೆ ತೀರಾ ಕೆಳಗಿಳಿಯಬಹುದು. ಎಲೆ ತಿನ್ನುವ ವಿಷಯ ಡಾಕ್ಟರಿಗೆ ಮುಚ್ಚಿಡಬೇಡಿ.

ಪ್ರಶ್ನೆ: ತಿಮರೆಯೂ ಬ್ರಾಹ್ಮಿಯೂ ಒಂದೇನಾ?
– ಓದುಗರು, ಕಾಪು

ಉತ್ತರ: ಅಲ್ಲ, ಹೆಸರು ಮಾತ್ರ ಬೆರೆತಿದೆ. ತಿಮರೆ ಅಂದರೆ ಒಂದೆಲಗ; ಗದ್ದೆಯ ಬದುವಿನಲ್ಲಿ ಹರಡುವ ದುಂಡೆಲೆ, ತಂಬುಳಿ ಮಾಡುವುದು ಅದನ್ನೇ. ಅದರಲ್ಲಿರುವುದು ಏಷಿಯಾಟಿಕೋಸೈಡ್. ಗಾಯ ಮಾಯಿಸುವ ಮುಲಾಮುಗಳಲ್ಲಿ ಅದನ್ನು ಬಳಸುತ್ತಾರೆ. ಬ್ರಾಹ್ಮಿ ಅಂದರೆ ನೀರುಬ್ರಾಹ್ಮಿ; ಅದರದ್ದು ಸಣ್ಣ, ದಪ್ಪ ಎಲೆ, ಅದರಲ್ಲಿ ಬೇಕೋಸೈಡ್‌ಗಳು. ತಂಬುಳಿಗೆ ಒಂದೆಲಗವೇ ಇರಲಿ. ತೆಂಗಿನಕಾಯಿಗೆ ಜಿಪುಣತನ ಬೇಡ.